ಊರ ವೈದ್ಯರ ಕೋಣೆ, ಊರ ವೈದ್ಯರ ಮನೆ

(ವೈದ್ಯರ ದಿನದ ಅಂಗವಾಗಿ ಮಂಡ್ಯದಲ್ಲಿ, ಹೌಸ್ ಸರ್ಜನ್ಸಿ, ಅಂದರೆ ಓದಿನ ಕೊನೆಯ ಆಸ್ಪತ್ರೆ ತರಬೇತಿ, ಮುಗಿಸುತ್ತಿರುವ ಕಿರಿಯ ವೈದ್ಯರು ಮತ್ತು ಅವರ ಮನೆಯವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಬಿಧಾನ್ ಚಂದ್ರ ರಾಯ್ ಹುಟ್ಟಿದ್ದು 1882ರ ಜುಲೈ 1ರಂದು, ತೀರಿಕೊಂಡದ್ದು 1962ರ ಜುಲೈ 1ರಂದು. 1991ರಿಂದ ಆ ದಿನ ನಮಗೆ ವೈದ್ಯರ ದಿನ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾದ ಮೇಲೂ ರೋಗಿಗಳನ್ನು ನೋಡುವುದನ್ನು ಅವರು ಬಿಡಲಿಲ್ಲ. ಇವತ್ತು ನಾವು ಮಾತಾಡುವುದು ಅಷ್ಟು ದೊಡ್ಡ ಹೆಸರಿನವರ ಬಗ್ಗೆ ಅಲ್ಲ. ಮದ್ದೂರು, ಮಳವಳ್ಳಿ, ಪಾಂಡವಪುರ, ಕೆ.ಆರ್. ಪೇಟೆಯಂಥ ಊರುಗಳ ಬಸ್ ಸ್ಟ್ಯಾಂಡ್ ಹತ್ತಿರ, ಮೆಡಿಕಲ್ ಸ್ಟೋರಿನ ಪಕ್ಕದ ಒಂದು ಕೋಣೆಯಲ್ಲಿ ಮೂವತ್ತು ವರ್ಷ ಕೂತು ಮೂರು ತಲೆಮಾರನ್ನು ನೋಡುವ ವೈದ್ಯರ ಬಗ್ಗೆ. ಅವರಿಗೂ ಮನೆಯಿದೆ, ಹೆಂಡತಿಯೋ ಗಂಡನೋ ಇದ್ದಾರೆ, ವಯಸ್ಸಾದ ಅಪ್ಪ ಅಮ್ಮ ಇದ್ದಾರೆ, ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ.

ಇಂಥವರನ್ನು ಸನ್ಮಾನಿಸುವಾಗ "ಮನೆ ಮಠ ಮರೆತು ದುಡಿದರು" ಎಂದು ಹೊಗಳುವುದು ರೂಢಿಯಾಗಿದೆ. ಆ ಹೊಗಳಿಕೆಯನ್ನು ನಾವು ಒಪ್ಪುವುದಿಲ್ಲ. ಮನೆ ಮರೆತವರು ಹತ್ತು ವರ್ಷದಲ್ಲಿ ದಣಿಯುತ್ತಾರೆ; ದಣಿದವರ ಕೈಯಲ್ಲಿ ತಪ್ಪಾಗುತ್ತದೆ. ಮೂವತ್ತು ವರ್ಷ ಒಂದೇ ಊರಿನಲ್ಲಿ ನಿಂತವರನ್ನು ಗಮನಿಸಿ. ಹೇಳಿದ ಹೊತ್ತಿಗೆ ಇರುತ್ತಾರೆ, ಕಂಡದ್ದನ್ನು ಬರೆದಿಡುತ್ತಾರೆ, ಕೈಮೀರಿದ್ದನ್ನು ತಡಮಾಡದೆ ಇನ್ನೊಬ್ಬರಿಗೆ ಒಪ್ಪಿಸುತ್ತಾರೆ. ಕ್ಲಿನಿಕ್ಕಿಗೂ ಇದೇ ಶಿಸ್ತು, ಮನೆಗೂ ಇದೇ.

ಕೋಣೆಯ ಏರ್ಪಾಡು

ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಕ್ಲಿನಿಕ್ಕಿನ ನೋಂದಣಿ, ಎದ್ದು ಕಾಣುವ ಕಡೆ ಶುಲ್ಕದ ಫಲಕ. ಇವು ಮೊದಲ ದಿನವೇ ಇರಬೇಕು. ಶುಲ್ಕ ಎಷ್ಟಿರಬೇಕೆಂಬುದು ಅವರವರ ಖರ್ಚಿನ ಮೇಲೆ ನಿಂತಿದೆ. ಐದು ರೂಪಾಯಿ ಡಾಕ್ಟರೆಂದೇ ಹೆಸರಾದ ಚರ್ಮರೋಗ ತಜ್ಞ ಡಾ. ಶಂಕರೇಗೌಡರು ಇದೇ ಮಂಡ್ಯದವರು. ಎಲ್ಲರಿಗೂ ಅದು ಆಗದಿರಬಹುದು. ಆದರೆ ಸಾಲ ಮಾಡಿ ಯಂತ್ರ ತಂದು, ಆ ಸಾಲ ತೀರಿಸಲು ರೋಗಿಗಳಿಗೆ ಬೇಡದ ಪರೀಕ್ಷೆ ಬರೆದುಕೊಡುವ ಸ್ಥಿತಿಗೆ ಯಾರೂ ಬೀಳಬಾರದು. ಶುರುವಿನಲ್ಲಿ ಒಂದು ತೂಕದ ಯಂತ್ರ, ಮೂರು ಅಳತೆಯ ಪಟ್ಟಿಗಳಿರುವ ಬಿಪಿ ಯಂತ್ರ, ಗ್ಲೂಕೋಮೀಟರ್, ಪಲ್ಸ್ ಆಕ್ಸಿಮೀಟರ್, ಇಸಿಜಿ ಯಂತ್ರ, ಆಮ್ಲಜನಕದ ಸಿಲಿಂಡರ್ ಇದ್ದರೆ ಕೆಲಸ ನಡೆಯುತ್ತದೆ.

ತುರ್ತಿನ ಟ್ರೇ ಬೀರುವಿನೊಳಗೆ ಬೀಗ ಹಾಕಿಡುವ ವಸ್ತುವಲ್ಲ. ಅಡ್ರಿನಲಿನ್, ಅಟ್ರೋಪಿನ್, ಹೈಡ್ರೋಕಾರ್ಟಿಸೋನ್, 25 ಶೇಕಡಾ ಡೆಕ್ಸ್‌ಟ್ರೋಸ್, ಆಸ್ಪಿರಿನ್, ಸಲೈನ್ ಕೈಗೆಟಕುವಂತಿರಬೇಕು. ಪ್ರತಿ ತಿಂಗಳ ಮೊದಲ ದಿನ ಅವಧಿ ನೋಡಬೇಕು. ಅಡ್ರಿನಲಿನ್ ನಸುಗೆಂಪು ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ, ಅವಧಿ ಮುಗಿಯದಿದ್ದರೂ ಎಸೆಯಬೇಕು. ಲಸಿಕೆಯ ಫ್ರಿಜ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಲಸಿಕೆ ಬಿಸಿಗೆ ಕೆಡುತ್ತದೆಂದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿಯೂ ಕೆಡುತ್ತದೆಂಬುದನ್ನು ಮರೆಯುತ್ತಾರೆ. ಧನುರ್ವಾಯು, ಗಂಟಲುಮಾರಿ ತಡೆಯುವ ಟಿಡಿ ಲಸಿಕೆಯನ್ನು ಫ್ರೀಜರಿಗೆ ತಾಗಿಸಿಟ್ಟು, ಮತ್ತೆ ಕರಗಿದ ಮೇಲೆ ಕೊಟ್ಟರೆ ನೀರು ಚುಚ್ಚಿದ ಹಾಗೆ. ಫ್ರಿಜ್ಜಿನ ಬಾಗಿಲಲ್ಲೂ ಇಡಬಾರದು, ಅಲ್ಲಿ ತಾಪ ಏರಿಳಿಯುತ್ತಿರುತ್ತದೆ.

ಒಂದು ಸಣ್ಣ ಲೆಕ್ಕ. ಬೆಳಿಗ್ಗೆ 9.30ರಿಂದ 1, ಸಂಜೆ 5ರಿಂದ 8 ಎಂದರೆ 390 ನಿಮಿಷ. 60 ಜನ ಬಂದರೆ ತಲೆಗೆ ಆರೂವರೆ ನಿಮಿಷ ಸಿಗುತ್ತದೆ, 100 ಜನ ಬಂದರೆ ನಾಲ್ಕೂ ಸಿಗುವುದಿಲ್ಲ. ಆದ್ದರಿಂದ ಬಾಗಿಲಲ್ಲಿ ಟೋಕನ್ ಕೊಡುವವರಿಗೆ ತರಬೇತಿ ಬೇಕು. ಎದೆನೋವು, ಏದುಸಿರು, ಫಿಟ್ಸ್, ಮಂಪರಿನಲ್ಲಿರುವ ಮಗು, ಹಾವು ಕಚ್ಚಿದವರು, ರಕ್ತಸ್ರಾವವಿರುವ ಬಸುರಿ ಬಂದರೆ ಟೋಕನ್ ಕೇಳದೆ ಒಳಗೆ ಬಿಡಬೇಕು. ತೂಕ, ಜ್ವರ, ನಾಡಿ ಹೊರಗೇ ಬರೆದು ಕಳಿಸಿದರೆ ವೈದ್ಯರಿಗೆ ಎರಡು ನಿಮಿಷ ಉಳಿಯುತ್ತದೆ. ಆ ಎರಡು ನಿಮಿಷ ರೋಗಿಯ ಮಾತು ಕೇಳುವುದಕ್ಕೆ.

ಮನೆಗೊಂದು ಕಾರ್ಡು

ಕಾರ್ಡನ್ನು ಆಳಿಗೊಂದರಂತೆ ಮಾಡದೆ ಮನೆಗೊಂದು ಮಾಡಿ. ಮುಂದುಗಡೆ ಮನೆಯವರ ಹೆಸರು, ಸಂಬಂಧ, ಹುಟ್ಟಿದ ವರ್ಷ, ಯಾರಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂಬುದು ಕೆಂಪು ಶಾಯಿಯಲ್ಲಿ. ಒಳಗೆ ಒಬ್ಬೊಬ್ಬರಿಗೊಂದು ಹಾಳೆ: ತಾರೀಕು, ತೂಕ, ಬಿಪಿ, ಸಕ್ಕರೆ, ಕೊಟ್ಟ ಮಾತ್ರೆ, ಎಷ್ಟು ದಿನಕ್ಕೆ. ಅತ್ತೆಯ ಕೆಮ್ಮು ಎರಡು ವಾರ ದಾಟಿದೆಯೆಂದು ಒಂದು ಹಾಳೆಯಲ್ಲಿದ್ದರೆ, ತೂಕ ಏರದ ಮೊಮ್ಮಗುವಿನ ಹಾಳೆ ಅದರ ಹಿಂದೆಯೇ ಇರುತ್ತದೆ. ಆಗ ಕ್ಷಯದ ಕಫ ಪರೀಕ್ಷೆ ತಾನಾಗಿ ನೆನಪಾಗುತ್ತದೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಎಂದಿದ್ದರೆ ಮೂವತ್ತು ದಾಟಿದ ಮಗನನ್ನು ಅವತ್ತೇ ಕೂರಿಸಿ ಪರೀಕ್ಷಿಸಬಹುದು. ದಾಖಲೆಯನ್ನು ಕನಿಷ್ಠ ಮೂರು ವರ್ಷ ಇಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎನ್ನುತ್ತದೆ 2002ರ ವೈದ್ಯಕೀಯ ನೀತಿ ಸಂಹಿತೆ. ಊರ ವೈದ್ಯರು ಮೂರು ವರ್ಷಕ್ಕೆ ನಿಲ್ಲಿಸಬಾರದು. ಹತ್ತು ವರ್ಷದ ಹಿಂದಿನ ತೂಕ ಗೊತ್ತಿರುವುದು ಊರಿನಲ್ಲಿ ಅವರೊಬ್ಬರಿಗೇ.

ಬರೆಯದಿದ್ದರೆ ಆಗುವ ಅನಾಹುತಕ್ಕೆ ದಿನನಿತ್ಯದ ಉದಾಹರಣೆ ಗ್ಲಿಮೆಪಿರೈಡ್ ಎಂಬ ಸಕ್ಕರೆ ಇಳಿಸುವ ಮಾತ್ರೆ. ಒಬ್ಬ ವೈದ್ಯರು ಒಂದು ಕಂಪನಿಯ ಹೆಸರಲ್ಲಿ ಬರೆದಿರುತ್ತಾರೆ, ಇನ್ನೊಬ್ಬರು ಮತ್ತೊಂದು ಹೆಸರಲ್ಲಿ. ಅಜ್ಜಿ ಎರಡನ್ನೂ ನುಂಗುತ್ತಾರೆ. ಹಬ್ಬದ ಉಪವಾಸದ ದಿನ ಬೆವರಿ, ತೊದಲಿ, ಎಚ್ಚರ ತಪ್ಪುತ್ತಾರೆ. ಮನೆಯವರು ಲಕ್ವವೆಂದು ಹೆದರಿ ಕರೆತರುತ್ತಾರೆ. ಪ್ರತಿ ಭೇಟಿಗೂ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನು ಚೀಲಸಮೇತ ತರಲು ಹೇಳಿ, ಮೇಜಿನ ಮೇಲೆ ಸುರಿದು, ಔಷಧಿಯ ಮೂಲ ಹೆಸರಿನಿಂದ ಜೋಡಿಸಿ ನೋಡಬೇಕು. ಮೆಡಿಕಲ್ ಸ್ಟೋರಿನವರು ಸ್ಟ್ರಿಪ್ ಕತ್ತರಿಸಿ ಕೊಟ್ಟಿದ್ದರೆ ಹೆಸರೇ ಹೋಗಿರುತ್ತದೆ. ಹೆಸರಿರುವ ತುದಿ ಉಳಿಸಿ ಕತ್ತರಿಸಿ ಎಂದು ಅಂಗಡಿಯವರಿಗೂ ಹೇಳಿಡಬೇಕು. ಯಾರೇ ಎಚ್ಚರ ತಪ್ಪಿ ಬಂದರೂ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಬೇಕು. 70ಕ್ಕಿಂತ ಕಡಿಮೆಯಿದ್ದು ನುಂಗಲು ಆಗುವಂತಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಬೇಕು. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್ ಕೊಡಬೇಕು. ಈ ಮಾತ್ರೆಯಿಂದ ಇಳಿದ ಸಕ್ಕರೆ ಕೆಲವು ಗಂಟೆಗಳ ನಂತರ ಮತ್ತೆ ಇಳಿಯುತ್ತದೆ. ಆದ್ದರಿಂದ ಎದ್ದು ಕೂತರೆಂದು ಮನೆಗೆ ಕಳಿಸದೆ ದಿನವಿಡೀ ನೋಡಿಕೊಳ್ಳುವ ಕಡೆ ಸೇರಿಸಬೇಕು.

ಇನ್ಸುಲಿನ್ನಿನ ತಪ್ಪು ಇನ್ನೂ ಸೂಕ್ಷ್ಮ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕಿತ್ತಳೆ ಬಣ್ಣದ ಮುಚ್ಚಳದ್ದು 100 ಯೂನಿಟ್ಟಿನ ಸೀಸೆಗೆ. 40ರ ಸೀಸೆಯಿಂದ ಕಿತ್ತಳೆ ಸಿರಿಂಜಿನಲ್ಲಿ 20 ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್ ಮಾತ್ರ. ಸಕ್ಕರೆ ಇಳಿಯಲಿಲ್ಲವೆಂದು ವೈದ್ಯರು ಪ್ರಮಾಣ ಏರಿಸುತ್ತಾ ಹೋಗುತ್ತಾರೆ. ಮುಂದೊಂದು ದಿನ ಅಂಗಡಿಯವರು ಸರಿಯಾದ ಸಿರಿಂಜ್ ಕೊಟ್ಟಾಗ ಅದೇ ಏರಿಸಿದ ಪ್ರಮಾಣ ಪ್ರಾಣಕ್ಕೆ ಬರುತ್ತದೆ. ತಿರುಗಾಮುರುಗಾ ಆದರಂತೂ, ಅಂದರೆ 100ರ ಸೀಸೆಗೆ ಕೆಂಪು ಸಿರಿಂಜ್ ಬಳಸಿದರೆ, 20 ಎಂದುಕೊಂಡದ್ದು 50 ಆಗುತ್ತದೆ. ಆದ್ದರಿಂದ ಸೀಸೆ, ಸಿರಿಂಜ್ ಎರಡನ್ನೂ ತರಿಸಿ, ಚುಚ್ಚಿಕೊಳ್ಳುವವರ ಕೈಯಲ್ಲೇ ಒಮ್ಮೆ ಎಳೆಸಿ ನೋಡದೆ ಪ್ರಮಾಣ ಬದಲಿಸಬಾರದು.

ಊಟದ ಮಾತಿನಲ್ಲೂ ನಿಖರತೆ ಬೇಕು. "ಅನ್ನ ಬಿಟ್ಟಿದ್ದೀನಿ ಡಾಕ್ಟ್ರೇ, ಬರೀ ಮುದ್ದೆನೇ" ಎಂದು ಹೇಳುವವರು ದಿನಕ್ಕೆ ಮೂರು ದೊಡ್ಡ ಮುದ್ದೆ ಉಣ್ಣುತ್ತಿರುತ್ತಾರೆ. ರಾಗಿಯಲ್ಲೂ ತೂಕದ ಸುಮಾರು ಮೂರನೇ ಎರಡು ಭಾಗ ಪಿಷ್ಟವೇ. ಮುದ್ದೆ ಬಿಡಿ ಎನ್ನಬೇಕಿಲ್ಲ. ಅರ್ಧ ಮಾಡಿ, ಸೊಪ್ಪಿನ ಸಾರು, ಕಾಳು ಹೆಚ್ಚಿಸಿ ಎನ್ನಬೇಕು. ಅಡುಗೆ ಮಾಡುವವರು ಎದುರಿಗಿರುವಾಗ ಹೇಳಿದರೆ ಮಾತ್ರ ಅದು ನಡೆಯುತ್ತದೆ.

ಬಿಪಿ ನೋಡುವುದು ಎಲ್ಲರಿಗೂ ಬರುತ್ತದೆಂದುಕೊಳ್ಳುತ್ತೇವೆ. ಸಂತೆಯಿಂದ ಬಿಸಿಲಲ್ಲಿ ನಡೆದು ಬಂದವರನ್ನು ಕೂರಿಸಿದ ಕೂಡಲೇ ಪಟ್ಟಿ ಸುತ್ತಿದರೆ ಸಿಗುವ ಅಂಕಿ ಬಿಪಿಯದ್ದಲ್ಲ, ನಡಿಗೆಯದ್ದು. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿಸಿ, ತೋಳನ್ನು ಎದೆಯ ಮಟ್ಟಕ್ಕಿಟ್ಟು, ಮಾತಾಡಿಸದೆ ನೋಡಬೇಕು. ಅರ್ಧ ಗಂಟೆಯ ಹಿಂದೆ ಕಾಫಿ, ಬೀಡಿ ಆಗಿದೆಯೇ ಎಂದು ಕೇಳಬೇಕು. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇಕಡಾ 80ರಷ್ಟು ಸುತ್ತಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ಕಾಣುತ್ತದೆ. ವಯಸ್ಸಾದವರನ್ನು ಎದ್ದು ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೊಮ್ಮೆ ನೋಡಬೇಕು. ಮೇಲಿನ ಅಂಕಿ 20 ಇಳಿದರೆ, ಮಾತ್ರೆ ಏರಿಸುವುದೆಂದರೆ ಬಚ್ಚಲಿನಲ್ಲಿ ಬೀಳಿಸಿ ಸೊಂಟ ಮುರಿಸಿದಂತೆ.

ಸೂಜಿ, ಗ್ಲೂಕೋಸ್ ಮತ್ತು ಜ್ವರ

"ಒಂದ್ ಸೂಜಿ ಚುಚ್ಬುಡಿ ಸಾ, ನಾಳೆ ಕಟಾವಿಗೆ ಹೋಗ್ಬೇಕು." ಇದನ್ನು ಕೇಳದ ಕ್ಲಿನಿಕ್ ಈ ಜಿಲ್ಲೆಯಲ್ಲಿಲ್ಲ. ಕೂಲಿ ತಪ್ಪಿದರೆ ಒಲೆ ಉರಿಯದ ಮನೆಯ ಮಾತು ಅದು, ಬೈಯುವ ವಿಷಯವಲ್ಲ. ಆದರೆ ಬಗ್ಗಬಾರದು. ಡೆಂಗಿ ಜ್ವರದಲ್ಲಿ ನೋವಿನ ಔಷಧಿ ಡೈಕ್ಲೋಫೆನಾಕ್ ಚುಚ್ಚಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಕುಂಡೆಯ ತಪ್ಪು ಜಾಗಕ್ಕೆ ಚುಚ್ಚಿದರೆ ನರಕ್ಕೆ ಪೆಟ್ಟಾಗಿ ಪಾದ ಜೋತುಬೀಳುತ್ತದೆ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರೆ ಸಂಜೆಗೆ ಜ್ವರ, ನೋವು ಮಾಯವಾಗಿ ವೈದ್ಯರಿಗೆ ಕೈಗುಣದ ಹೆಸರು ಬರುತ್ತದೆ. ಒಳಗೆ ಸೋಂಕು ಹಬ್ಬುತ್ತಿರುತ್ತದೆ, ಸಕ್ಕರೆ ಏರುತ್ತಿರುತ್ತದೆ. ಸುಸ್ತಿಗೆ ಗ್ಲೂಕೋಸ್ ಹಾಕಿ ಎನ್ನುವವರಿಗೆ ಬಾಟಲಿಯನ್ನೇ ತೋರಿಸಿ ಲೆಕ್ಕ ಹೇಳಿ: 500 ಮಿಲಿಲೀಟರಿನ 5 ಶೇಕಡಾ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಐದು ಚಮಚ. ಒಂದು ಲೋಟ ಬೆಲ್ಲದ ಪಾನಕದಲ್ಲಿ ಅಷ್ಟಿದೆ. ನಿಧಾನವಾಗಿ ಹೇಳಿದರೆ ಬಹಳ ಜನ ಒಪ್ಪುತ್ತಾರೆ. ಒಪ್ಪದವರು ಬೇರೆ ಕ್ಲಿನಿಕ್ಕಿಗೆ ಹೋಗುತ್ತಾರೆ, ಅದನ್ನು ತಡೆದುಕೊಳ್ಳಬೇಕು.

ಜ್ವರದವರ ಬಟ್ಟೆ ಸರಿಸದೆ ಚೀಟಿ ಬರೆಯಬಾರದು. ಕಂಕುಳು, ತೊಡೆಸಂದು, ಸೊಂಟದ ಸುತ್ತ, ಮೊಲೆಯ ಕೆಳಗೆ ನೋವಿಲ್ಲದ ಕಪ್ಪು ಹಕ್ಕಳೆಯಿದ್ದರೆ ಸ್ಕ್ರಬ್ ಟೈಫಸ್, ಸಣ್ಣ ಹುಳ ಕಚ್ಚಿ ಬರುವ ಜ್ವರ. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಸಲ ಶುರುಮಾಡಿದರೆ ಎರಡು ದಿನದಲ್ಲಿ ಜ್ವರ ಇಳಿಯುತ್ತದೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ ಕೆಡುತ್ತವೆ. ಕೆಸರುಗದ್ದೆಯಲ್ಲಿ ನಾಟಿ ಮಾಡಿದವರಿಗೆ ಮೀನಖಂಡದ ನೋವು, ಕೆಂಪು ಕಣ್ಣು, ಹಳದಿ ಇದ್ದರೆ ಇಲಿಜ್ವರ ನೆನಪಾಗಬೇಕು. ಡೆಂಗಿಯಲ್ಲಿ ಮೊದಲ ಐದು ದಿನ ಎನ್‌ಎಸ್‌1 ರಕ್ತಪರೀಕ್ಷೆ, ನಂತರ ಐಜಿಎಂ ರಕ್ತಪರೀಕ್ಷೆ. ಜ್ವರ ಬಿಟ್ಟಿತೆಂದು ಮನೆಯವರು ನಿರಾಳರಾಗುವ ದಿನವೇ ಅಪಾಯದ ದಿನ. ಬಿಡದ ವಾಂತಿ, ಹೊಟ್ಟೆನೋವು, ಒಸಡಿನ ರಕ್ತ, ಮಂಕು ಇವು ಅಪಾಯದ ಗುರುತೆಂದು ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಡಿ.

ಮಕ್ಕಳಿಗೆ ವಯಸ್ಸು ಕೇಳಿ ಔಷಧಿ ಬರೆಯಬೇಡಿ, ತೂಕ ನೋಡಿ ಬರೆಯಿರಿ. ಪ್ಯಾರಸಿಟಮಾಲ್ ಒಂದು ಸಲಕ್ಕೆ ಕಿಲೋಗೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲಕ್ಕೆ ಮೀರದಂತೆ. 10 ಕಿಲೋ ಮಗುವಿಗೆ 150 ಮಿಲಿಗ್ರಾಂ ಎಂದರೆ 5 ಮಿಲಿಗೆ 125 ಮಿಲಿಗ್ರಾಂ ಇರುವ ಸಿರಪ್ಪಿನಲ್ಲಿ 6 ಮಿಲಿ, 5 ಮಿಲಿಗೆ 250 ಇರುವುದರಲ್ಲಿ 3 ಮಿಲಿ, ಒಂದು ಮಿಲಿಗೆ 100 ಇರುವ ಡ್ರಾಪ್ಸಿನಲ್ಲಿ ಒಂದೂವರೆ ಮಿಲಿ. ಸಿರಪ್ಪಿನ ಅಳತೆಯನ್ನು ಡ್ರಾಪ್ಸಿಗೆ ಹಾಕಿದರೆ ನಾಲ್ಕು ಪಟ್ಟು ಹೋಗುತ್ತದೆ. ಬರೀ "ಒಂದು ಚಮಚ" ಎಂದು ಬರೆಯುವುದು ಅದಕ್ಕೇ ತಪ್ಪು. ಭೇದಿಗೆ ಓಆರ್‌ಎಸ್ಸಿನ 20.5 ಗ್ರಾಂ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಒಂದು ಲೋಟಕ್ಕೆ ಅಂದಾಜಿನಲ್ಲಿ ಸುರಿದರೆ ಉಪ್ಪು ಹೆಚ್ಚಾಗಿ ಮಗು ಇನ್ನೂ ಒಣಗುತ್ತದೆ. ಎರಡು ವರ್ಷದೊಳಗಿನವರಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿ, ಚಮಚದಲ್ಲಿ. ಜೊತೆಗೆ ಸತು 20 ಮಿಲಿಗ್ರಾಂ 14 ದಿನ, ಆರು ತಿಂಗಳೊಳಗಿನ ಕೂಸಿಗೆ 10.

ಹಾವು, ಎದೆನೋವು, ಆಲೆಮನೆಯ ಸುಟ್ಟಗಾಯ

ಕಬ್ಬು, ಭತ್ತದ ನಾಡಿನಲ್ಲಿ ಕೂತ ವೈದ್ಯರಿಗೆ ಹಾವಿನ ಕಡಿತ ಬಂದೇ ಬರುತ್ತದೆ. ಕರ್ನಾಟಕ ಸರ್ಕಾರ 2024ರಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ನಾಗರಹಾವು, ಕಟ್ಟುಹಾವು ನರಕ್ಕೆ ಹೊಡೆಯುತ್ತವೆ. ಕೊಳಕುಮಂಡಲ, ಗರಗಸಮಂಡಲ ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುತ್ತವೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಗುರುತೂ ಕಾಣದೆ, ನೋವೂ ಆಗದೆ ಹೋಗಬಹುದು. ಬೆಳಗಿನ ಜಾವ ಹೊಟ್ಟೆನೋವೆಂದು ಬಂದವರ ರೆಪ್ಪೆ ಜೋಲುತ್ತಿದ್ದರೆ ಗ್ಯಾಸ್ಟ್ರಿಕ್ ಎಂದು ಕಳಿಸಬಾರದು.

ಬಂದ ಕೂಡಲೇ ಉಂಗುರ, ಬಳೆ, ಕಾಲುಂಗುರ ತೆಗೆಸಿ; ಊತ ಬಂದ ಮೇಲೆ ಬರುವುದಿಲ್ಲ. ಕಚ್ಚಿದ ಕೈಕಾಲನ್ನು ದಬ್ಬೆ ಕಟ್ಟಿ ಅಲುಗಾಡದಂತೆ ಮಾಡಿ. ಕೊಯ್ಯುವುದು, ಹೀರುವುದು, ಐಸ್ ಇಡುವುದು ಬೇಡ. ಮನೆಯವರು ಹಗ್ಗ ಬಿಗಿದು ತಂದಿದ್ದರೆ ರಪ್ಪನೆ ಬಿಚ್ಚಬೇಡಿ. ರಕ್ತನಾಳಕ್ಕೆ ಸೂಜಿ ಹಾಕಿ, ಉಸಿರಿನ ಏರ್ಪಾಡು ಸಿದ್ಧವಿಟ್ಟುಕೊಂಡು ನಿಧಾನವಾಗಿ ಸಡಿಲಿಸಿ. ನಂತರ 20 ನಿಮಿಷದ ಪರೀಕ್ಷೆ: ಸ್ವಚ್ಛ, ಒಣಗಿದ ಗಾಜಿನ ನಳಿಕೆಗೆ 2 ಮಿಲಿ ರಕ್ತ, ಅಲುಗಾಡಿಸದೆ 20 ನಿಮಿಷ, ಆಮೇಲೆ ಒಂದೇ ಸಲ ಓರೆ ಮಾಡಿ ನೋಡುವುದು. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಏರಿದೆ. ಪ್ಲಾಸ್ಟಿಕ್ ನಳಿಕೆಯಲ್ಲಿ, ಸೋಪಿನ ಪುಡಿಯಲ್ಲಿ ತೊಳೆದ ನಳಿಕೆಯಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದು, ಆಗ ವಿಷವಿಲ್ಲದವರಿಗೂ ಪ್ರತಿವಿಷ ಹೋಗುತ್ತದೆ. ವಿಷದ ಲಕ್ಷಣವಿದ್ದರೆ 10 ಸೀಸೆ ಪ್ರತಿವಿಷ, ಸಲೈನಿನಲ್ಲಿ ಬೆರೆಸಿ ಒಂದು ಗಂಟೆಯಲ್ಲಿ. ಹಾವು ಮಗುವಿಗೆಂದು ಕಡಿಮೆ ವಿಷ ಬಿಡುವುದಿಲ್ಲ, ಆದ್ದರಿಂದ ಮಗುವಿಗೂ ಅಷ್ಟೇ. ಒಗ್ಗದೆ ಮೈ ಕೆರೆತ, ಉಬ್ಬಸ, ಬಿಪಿ ಕುಸಿತ ಬಂದರೆ ದೊಡ್ಡವರ ತೊಡೆಗೆ ಅರ್ಧ ಮಿಲಿಗ್ರಾಂ ಅಡ್ರಿನಲಿನ್. ಇಷ್ಟಕ್ಕೆ ಏರ್ಪಾಡಿಲ್ಲದ ಕ್ಲಿನಿಕ್ಕು ಮೊದಲ ಆರೈಕೆ ಮಾಡಿ 108 ಕರೆಸಬೇಕು. ಯಾವ ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರತಿವಿಷವಿದೆ ಎಂದು ಫೋನಿನಲ್ಲಿ ಖಚಿತ ಮಾಡಿಕೊಂಡೇ ಕಳಿಸಬೇಕು.

ಎದೆನೋವಿನಲ್ಲಿ ನಮ್ಮ ಕಡೆಯ ದೊಡ್ಡ ಶತ್ರು ಗ್ಯಾಸ್ಟ್ರಿಕ್ ಎಂಬ ಸಮಾಧಾನ. ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಸಕ್ಕರೆ ಕಾಯಿಲೆಯವರಿಗೆ ಎದೆನೋವೇ ಬಾರದೆ ಬರೀ ಬೆವರು, ಏದುಸಿರು, ಸುಸ್ತು ಇರಬಹುದು. ಹೃದಯಾಘಾತವೆಂದು ಕಂಡರೆ ಆಸ್ಪಿರಿನ್ 325 ಮಿಲಿಗ್ರಾಂ ಅಗಿಸಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೊಪಿಡೊಗ್ರೆಲ್ 300 ಮಿಲಿಗ್ರಾಂ ಕೊಟ್ಟು ಕಳಿಸಬೇಕು. ಕುಂಡೆಗೆ ಯಾವ ಇಂಜೆಕ್ಷನ್ನೂ ಬೇಡ. ಮುಂದೆ ಹೆಪ್ಪು ಕರಗಿಸುವ ಔಷಧಿ ಕೊಟ್ಟಾಗ ಚುಚ್ಚಿದ ಜಾಗದಲ್ಲಿ ರಕ್ತ ತುಂಬಿಕೊಳ್ಳುತ್ತದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಆ ಔಷಧಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಉಚಿತವಾಗಿ ಸಿಗುತ್ತದೆ. ಹತ್ತಿರದಲ್ಲಿ ಅದು ಸಿಗುವಾಗ ನೇರ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೇ ಹೋಗುತ್ತೇವೆಂದು ಹೊರಡುವುದು ಹೃದಯದ ಸ್ನಾಯುವನ್ನು ದಾರಿಯಲ್ಲೇ ಕಳೆದುಕೊಂಡಂತೆ.

ಕೀಟನಾಶಕ ಮೈಗೇರಿದವರಿಗೆ ಬಟ್ಟೆ ತೆಗೆಸಿ ಸೋಪುನೀರಿನಲ್ಲಿ ತಲೆಯಿಂದ ತೊಳೆಯಬೇಕು, ವಾಂತಿ ಮಾಡಿಸಬಾರದು. ಅದು ಆರ್ಗನೊಫಾಸ್ಫೇಟ್ ಜಾತಿಯ ಕೀಟನಾಶಕವಾದರೆ ಅಟ್ರೋಪಿನ್ ಬೇಕು; ಅದರ ಒಂದು ಆಂಪೂಲಿನಲ್ಲಿ 0.6 ಮಿಲಿಗ್ರಾಂ ಮಾತ್ರ ಇರುವುದರಿಂದ ಮೂರರಿಂದ ಐದು ಆಂಪೂಲಿನಿಂದ ಶುರುಮಾಡಿ ಐದು ನಿಮಿಷಕ್ಕೊಮ್ಮೆ ದುಪ್ಪಟ್ಟು ಮಾಡುತ್ತಾ, ಎದೆಯ ಗೊರಗೊರ ಹೋಗಿ ನಾಡಿ 80 ದಾಟುವವರೆಗೆ ಕೊಡಬೇಕು. ಆಲೆಮನೆಯ ಕೊಪ್ಪರಿಗೆಯ ಪಾಕ ಮೈಗೆ ಬಿದ್ದರೆ ಬಿಸಿನೀರಿಗಿಂತ ಆಳಕ್ಕೆ ಸುಡುತ್ತದೆ, ಏಕೆಂದರೆ ಅದು ಅಂಟಿಕೊಂಡು ಕೂರುತ್ತದೆ. ಹರಿಯುವ ನೀರಿನಡಿ 20 ನಿಮಿಷ ಹಿಡಿಯಬೇಕು. ಪೇಸ್ಟ್, ಶಾಯಿ, ಅರಿಶಿನ ಬಳಿದು ತಂದರೆ ಗಾಯದ ಆಳವೇ ತಿಳಿಯುವುದಿಲ್ಲ.

ಕಳಿಸುವ ಚೀಟಿಯಲ್ಲಿ ಗಂಟೆ ಬರೆಯಬೇಕು: ನೋವು ಶುರುವಾದದ್ದು ಎಷ್ಟಕ್ಕೆ, ಕ್ಲಿನಿಕ್ಕಿಗೆ ಬಂದದ್ದು ಎಷ್ಟಕ್ಕೆ, ಏನು ಕೊಟ್ಟಿದ್ದು ಎಷ್ಟಕ್ಕೆ, ಯಾವುದು ಒಗ್ಗುವುದಿಲ್ಲ. ಈ ಕಡೆಯ ಜನರಿಗೆ ದೊಡ್ಡಾಸ್ಪತ್ರೆ ಹೊಸದಲ್ಲ. ಬೆಂಗಳೂರಿನಲ್ಲಿ 1924ರಲ್ಲಿ ಶುರುವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದು ಕೆ.ಆರ್. ಆಸ್ಪತ್ರೆಯ ಜೊತೆ ನಿಂತಿತು. ಅದೇ 1930ರಲ್ಲಿ ಮೈಸೂರು ಸರ್ಕಾರ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಿತು. ಇರ್ವಿನ್ ನಾಲೆಯ (ಈಗಿನ ವಿಶ್ವೇಶ್ವರಯ್ಯ ನಾಲೆ) ನೀರಿನ ಹಿಂದೆಯೇ ಮಲೇರಿಯಾ ಬಂದಾಗ ಈ ಬಯಲಿನಲ್ಲಿ ಸೊಳ್ಳೆಯ ವಿರುದ್ಧ ಕೆಲಸ ನಡೆಯಿತು. ಊರ ವೈದ್ಯರು ಈ ಸರಪಳಿಯ ಮೊದಲ ಕೊಂಡಿ. ಕಳಿಸಿದವರ ಗತಿ ಏನಾಯಿತೆಂದು ಮೂರನೇ ದಿನ ವಿಚಾರಿಸಿ ಕಾರ್ಡಿನಲ್ಲಿ ಬರೆದರೆ ಅವರ ಕೆಲಸ ಮುಗಿಯಿತು.

ಮನೆ

ಕ್ಲಿನಿಕ್ ಎಂಟಕ್ಕೆ ಮುಚ್ಚುವುದೆಂದರೆ ಏಳೂಮುಕ್ಕಾಲಿಗೆ ಕೊನೆಯ ಟೋಕನ್. ಫಲಕದಲ್ಲಿ ಹಾಗೇ ಬರೆದು ಒಂದು ವರ್ಷ ಪಾಲಿಸಿದರೆ ಊರು ಹೊಂದಿಕೊಳ್ಳುತ್ತದೆ. ದಿನಕ್ಕೊಂದು ಹೊತ್ತಿಗೆ ಮುಚ್ಚುವವರ ಬಾಗಿಲನ್ನು ರಾತ್ರಿ ಹನ್ನೊಂದಕ್ಕೂ ತಟ್ಟುತ್ತಾರೆ, ಅದರಲ್ಲಿ ತುರ್ತು ಯಾವುದೆಂದು ಬೇರ್ಪಡಿಸಲು ಆಗುವುದಿಲ್ಲ. ತುರ್ತಿಗೆ ಓಗೊಡಲೇಬೇಕು, ಕೈಗೆತ್ತಿಕೊಂಡ ರೋಗಿಯನ್ನು ತಿಳಿಸದೆ ಬಿಡಬಾರದೆಂದು ಸಂಹಿತೆಯೇ ಹೇಳುತ್ತದೆ. ಹಾಗಾಗಿ ರಜೆಗೆ ಹೋಗುವ ಮುನ್ನ ಪಕ್ಕದ ಬೀದಿಯ ವೈದ್ಯರ ಜೊತೆ ಒಪ್ಪಂದ ಮಾಡಿಕೊಳ್ಳಿ: ನಿಮ್ಮ ಯುಗಾದಿಗೆ ಅವರು, ಅವರ ರಂಜಾನಿಗೋ ಮಾರಿಹಬ್ಬಕ್ಕೋ ನೀವು. ಬಾಗಿಲಲ್ಲಿ ಅವರ ಹೆಸರು, ಹೊತ್ತು ಬರೆದು ಹಾಕಿ.

ಮನೆಯ ಫೋನ್ ಎತ್ತುವವರಿಗೆ ಮೂರು ಪ್ರಶ್ನೆ ಸಾಕು. ಎಚ್ಚರವಾಗಿದ್ದಾರಾ? ಉಸಿರು ಸರಾಗವಾಗಿದೆಯಾ? ಎಲ್ಲಿದ್ದೀರಿ? ಮೊದಲ ಎರಡರಲ್ಲಿ ಒಂದಕ್ಕೆ ಇಲ್ಲ ಎಂದರೂ 108 ಕರೆಯಲು ಹೇಳಿ, ಆಮೇಲೆ ವೈದ್ಯರಿಗೆ ಫೋನ್ ಕೊಡಬೇಕು. ಮನೆಯವರು ಫೋನಿನಲ್ಲಿ ಮಾತ್ರೆಯ ಹೆಸರು ಹೇಳಬಾರದು. ಯಾರ ಮನೆಯ ಕಾಯಿಲೆಯೂ ಊಟದ ಹೊತ್ತಿನ ಮಾತಾಗಬಾರದು. ಸಣ್ಣ ಊರಿನಲ್ಲಿ ವೈದ್ಯರ ಮಗಳ ಗೆಳತಿಯೇ ನಾಳೆಯ ರೋಗಿ. ಬಹಳ ಕ್ಲಿನಿಕ್ಕುಗಳಲ್ಲಿ ವೈದ್ಯರ ಹೆಂಡತಿ ಟೋಕನ್, ಲೆಕ್ಕ, ಔಷಧಿಯ ದಾಸ್ತಾನು ಎಲ್ಲ ನೋಡಿಕೊಳ್ಳುತ್ತಾರೆ. ಅದು ಕೆಲಸ. ಅದಕ್ಕೆ ಸಂಬಳ, ವಾರದ ರಜೆ ಲೆಕ್ಕದ ಪುಸ್ತಕದಲ್ಲಿ ಇರಲಿ.

ಸ್ವಂತ ಮನೆಯವರಿಗೆ ನೀವೇ ವೈದ್ಯರಾಗಬೇಡಿ. ತಾಯಿಯ ಏದುಸಿರನ್ನು ವಯಸ್ಸೆಂದು ಆರು ತಿಂಗಳು ತಳ್ಳುವುದು, ಮಗುವಿನ ನೆಗಡಿಗೆ ಎದೆಯ ಎಕ್ಸ್-ರೇ ತೆಗೆಸುವುದು, ಎರಡೂ ಒಬ್ಬರೇ ಮಾಡುತ್ತಾರೆ. ಹದಿಹರೆಯದ ಮಗಳು ಮುಟ್ಟಿನ ತೊಂದರೆಯನ್ನು, ಹೆಂಡತಿ ಮನಸ್ಸಿನ ದುಗುಡವನ್ನು ಅಪ್ಪ, ಗಂಡ ಆದವರಿಗೆ ರೋಗಿಯಂತೆ ಹೇಳಲಾರರು, ಇವರೂ ವೈದ್ಯರಂತೆ ಕೇಳಲಾರರು. ಮನೆಗೊಬ್ಬ ಬೇರೆ ವೈದ್ಯರನ್ನು ಗೊತ್ತುಮಾಡಿ, ಕಾರ್ಡು ಅಲ್ಲಿರಲಿ. ಅಲ್ಲಿ ನೀವು ಸರದಿಯಲ್ಲಿ ಕೂರುವ ಮಗ, ಗಂಡ, ತಂದೆ. ನಿಮ್ಮ ಬಿಪಿ, ಸಕ್ಕರೆಯೂ ಅವರ ಕೈಯಲ್ಲೇ ನೋಡಿಸಿಕೊಳ್ಳಿ.

ಕಾಯಿಲೆ ಮನೆಗೆ ತರದಿರುವುದೂ ಮನೆಯವರ ಮೇಲಿನ ಪ್ರೀತಿಯೇ. ಹೆಪಟೈಟಿಸ್ ಬಿ ಲಸಿಕೆ 0, 1, 6 ತಿಂಗಳಿಗೆ ಮೂರು ಸಲ. ಮುಗಿದ ಒಂದೆರಡು ತಿಂಗಳಿಗೆ ರಕ್ತದಲ್ಲಿ ರಕ್ಷಕಾಂಶ (ಆಂಟಿಬಾಡಿ) 10ಕ್ಕಿಂತ ಹೆಚ್ಚಿದೆಯೇ ನೋಡಿಸಬೇಕು, ಲಸಿಕೆ ಆಯಿತೆಂದು ಬಿಡಬಾರದು. ಬಳಸಿದ ಸೂಜಿಗೆ ಮುಚ್ಚಳ ತಿರುಗಿ ಹಾಕುವಾಗಲೇ ಬೆರಳಿಗೆ ಚುಚ್ಚುವುದು. ನೇರ ಬಿಳಿ ಡಬ್ಬಿಗೆ ಹೋಗಲಿ. ರಕ್ತದ ಹತ್ತಿ ಹಳದಿಗೆ, ಸಿರಿಂಜ್, ಗ್ಲೌಸ್ ಕೆಂಪಿಗೆ, ಗಾಜಿನ ಸೀಸೆ ನೀಲಿಗೆ. ಚುಚ್ಚಿಯೇ ಬಿಟ್ಟರೆ ಹಿಂಡದೆ ಸೋಪುನೀರಿನಲ್ಲಿ ತೊಳೆದು, ಎಚ್‌ಐವಿ ತಡೆಯ ಮಾತ್ರೆಯನ್ನು ಆದಷ್ಟು ಎರಡು ಗಂಟೆಯೊಳಗೆ, ಏನೇ ಆದರೂ 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗಬೇಕು. ಇದನ್ನು ಮನೆಯಲ್ಲಿ ಮುಚ್ಚಿಡಬಾರದು.

ಕೊನೆಗೊಂದು ದಿನ ಕ್ಲಿನಿಕ್ ಬಿಡಬೇಕಾಗುತ್ತದೆ, ಕಣ್ಣು ಮಂಜಾಗಿ ಕೈ ನಡುಗುವ ಮುಂಚೆಯೇ. ಮೂರು ತಿಂಗಳು ಮೊದಲು ಫಲಕ ಹಾಕಿ, ಮುಂದೆ ಯಾರು ನೋಡುತ್ತಾರೆಂದು ಬರೆಯಿರಿ. ಸಾಧ್ಯವಾದರೆ ಆ ಕಿರಿಯ ವೈದ್ಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇನ್ಸುಲಿನ್ನಿನವರು, ಫಿಟ್ಸ್ ಮಾತ್ರೆಯವರು, ಕ್ಷಯದ ಆರು ತಿಂಗಳ ಚಿಕಿತ್ಸೆಯ ಮಧ್ಯದಲ್ಲಿರುವವರು ಇಂಥವರನ್ನು ಒಬ್ಬೊಬ್ಬರಾಗಿ ಪರಿಚಯಿಸಿ. ಪ್ರತಿ ಮನೆಗೂ ಅವರ ಕಾರ್ಡಿನ ನಕಲು ಕೊಡಿ, ಮೂಲವನ್ನು ಅವರ ಒಪ್ಪಿಗೆ ಪಡೆದು ಹೊಸಬರಿಗೆ ಒಪ್ಪಿಸಿ. ಅಪಘಾತ, ಹೊಡೆದಾಟ, ವಿಷದ ಪ್ರಕರಣಗಳ ಪುಸ್ತಕವನ್ನು ಮಾತ್ರ ಬೇರೆ ತೆಗೆದು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ನ್ಯಾಯಾಲಯದ ಕರೆ ವರ್ಷಗಳ ಮೇಲೂ ಬರುತ್ತದೆ.